ಪುಟ್ಟನ ಎದೆಗೆ ಕರ್ಪೂರದೆಣ್ಣೆ: ಬಳಗದ ಗುಂಪಿನಲ್ಲಿ ಒಂದು ಜಗಳ

ಮಾಲಿನಿ ಅತ್ತೆ: (ಫಾರ್ವರ್ಡ್) 🌿 ಶೀತ, ಕೆಮ್ಮು, ನಿದ್ದೆಗೇಡು, ಟೆನ್ಷನ್, ಎಲ್ಲಕ್ಕೂ ಅರೋಮಾಥೆರಪಿ (ಸುಗಂಧದ ಎಣ್ಣೆಗಳ ಚಿಕಿತ್ಸೆ)! ಮಗುವಿಗೆ ಮೂಗು ಕಟ್ಟಿದರೆ ಕರ್ಪೂರ ಪುಡಿ ಮಾಡಿ ನೀಲಗಿರಿ ಎಣ್ಣೆಯಲ್ಲಿ ಕಲಸಿ ಎದೆಗೆ, ಅಂಗಾಲಿಗೆ ಹಚ್ಚಿ. ದಿಂಬಿನ ಮೇಲೂ ನಾಲ್ಕು ಹನಿ. ನೂರಕ್ಕೆ ನೂರು ನೈಸರ್ಗಿಕ, ಸೈಡ್ ಎಫೆಕ್ಟ್ ಇಲ್ಲ. ಹತ್ತು ಜನಕ್ಕೆ ಕಳಿಸಿ 🙏

ಮಾಲಿನಿ ಅತ್ತೆ: ದೀಪಾ, ಪುಟ್ಟನಿಗೆ ಶೀತ ಅಂದಿದ್ದೆಯಲ್ಲ, ನೋಡು.

ದೀಪಾ: ಹೂಂ ಅತ್ತೆ, ರಾತ್ರಿಯೆಲ್ಲ ಅಳು. ಕರ್ಪೂರ ಇದೆ. ಎಣ್ಣೆ ತರಿಸುತ್ತೇನೆ.

ಅನಿತಾ: ದೀಪಾ, ತಡಿ. ಹಚ್ಚಬೇಡ. ಫೋನ್ ಎತ್ತು.

ರಘು ಚಿಕ್ಕಪ್ಪ: ಶುರುವಾಯ್ತು. ಮೆಡಿಕಲ್ ಶಾಪ್‌ನವರಿಗೆ ಮನೆಮದ್ದು ಕಂಡರೆ ಆಗುವುದಿಲ್ಲ 😄

ಅನಿತಾ: ನಗಬೇಡಿ ಚಿಕ್ಕಪ್ಪ. ಪುಟ್ಟನಿಗೆ ಇನ್ನೂ ಏಳು ತಿಂಗಳು. ಕರ್ಪೂರ ಚರ್ಮದ ಮೂಲಕವೂ ರಕ್ತಕ್ಕೆ ಸೇರುತ್ತದೆ. ಎಳೆ ಮಕ್ಕಳಿಗೆ ಅದು ಜಾಸ್ತಿಯಾದರೆ ಫಿಟ್ಸ್ ಬರುತ್ತದೆ. ನೀಲಗಿರಿ ಎಣ್ಣೆ ಒಂದು ಚಮಚ ಹೊಟ್ಟೆಗೆ ಹೋದರೂ ಮಗುವಿನ ಪ್ರಜ್ಞೆ ತಪ್ಪಬಹುದು, ಬಾಟಲಿ ಕೈಗೆ ಸಿಗುವ ಹಾಗೆ ಇಡಲೂಬಾರದು. ಫಿಟ್ಸ್ ದೊಡ್ಡವರಿಗೇ ಬಂದಿದೆ. ಬೆಂಗಳೂರಿನ ಸೇಂಟ್ ಜಾನ್ಸ್ ಆಸ್ಪತ್ರೆಯ ನರರೋಗ ವೈದ್ಯರು ಇಂಥ ಎಣ್ಣೆ, ಮುಲಾಮು ಬಳಸಿ ಫಿಟ್ಸ್ ಬಂದವರ ಬಗ್ಗೆ 2021ರಲ್ಲಿ ವರದಿ ಬರೆದಿದ್ದಾರೆ. ಬಳಸುವುದು ಬಿಡಿ ಅಂದರೆ ಸಾಕು, ಎಷ್ಟೋ ಜನಕ್ಕೆ ಮತ್ತೆ ಬರುವುದಿಲ್ಲ. ಆದರೆ ಫಿಟ್ಸ್ ಬಂದವರನ್ನು "ಏನು ಹಚ್ಚಿಕೊಂಡಿದ್ರಿ?" ಅಂತ ಕೇಳುವವರೇ ಕಡಿಮೆ.

ರಘು ಚಿಕ್ಕಪ್ಪ: ಅಜ್ಜಿ ನಮಗೆಲ್ಲ ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಬಿಸಿ ಮಾಡಿ ತಿಕ್ಕುತ್ತಿದ್ದಳು. ನಾವೆಲ್ಲ ಬದುಕಿಲ್ವಾ?

ಅನಿತಾ: ಬದುಕಿದ್ದೀರಿ, ಸಂತೋಷ. ಆಗ ಮಗುವಿಗೆ ಫಿಟ್ಸ್ ಬಂದರೆ ಬಾಲಗ್ರಹ ಅಂತ ತಾಯತ ಕಟ್ಟುತ್ತಿದ್ದರು. ಹಚ್ಚಿದ ಎಣ್ಣೆಯ ಮೇಲೆ ಯಾರಿಗೂ ಅನುಮಾನ ಬರುತ್ತಿರಲಿಲ್ಲ.

ಪವನ್: ಕೋವಿಡ್ ಎರಡನೇ ಅಲೆಯಲ್ಲೂ ಇದೇ ಸಾಮಾನು ಬಂದಿತ್ತಲ್ಲ? ಕರ್ಪೂರ, ಲವಂಗ, ಓಂಕಾಳು, ನೀಲಗಿರಿ ಎಣ್ಣೆ ಬಟ್ಟೆಯಲ್ಲಿ ಕಟ್ಟಿ ಮೂಸಿದರೆ ಆಕ್ಸಿಜನ್ ಏರುತ್ತದೆ ಅಂತ. ಈ ಗುಂಪಿನಲ್ಲೇ ಮೂರು ಸಲ ಬಂತು.

ಮಾಲಿನಿ ಅತ್ತೆ: ಮೂಸಿದ ತಕ್ಷಣ ಮೂಗು ಬಿಡುತ್ತದಲ್ಲ. ಅದೂ ಸುಳ್ಳಾ?

ಅನಿತಾ: ಬಿಟ್ಟ ಹಾಗೆ ಅನಿಸುವುದು ಸುಳ್ಳಲ್ಲ ಅತ್ತೆ. ಪುದೀನದ ಮೆಂಥಾಲ್, ಕರ್ಪೂರ, ನೀಲಗಿರಿ ಮೂರೂ ಮೂಗಿನೊಳಗೆ ತಂಪನ್ನು ಗುರುತಿಸುವ ನರವನ್ನು ಕೆಣಕುತ್ತವೆ. ಅದಕ್ಕೇ ಹಾಯ್ ಅನಿಸುತ್ತದೆ. ಗಾಳಿ ಹೋಗುವ ದಾರಿ ಮಾತ್ರ ಮೊದಲಿನಷ್ಟೇ ಇಕ್ಕಟ್ಟು. ಅಳೆದು ನೋಡಿದ್ದಾರೆ.

ಸುಮತಿ ದೊಡ್ಡಮ್ಮ: ನಾನು ರಾತ್ರಿ ಕರ್ಚೀಫಿಗೆ ಲ್ಯಾವೆಂಡರ್ ಎರಡು ಹನಿ ಹಾಕಿಕೊಳ್ಳುತ್ತೇನೆ ಕಣೇ. ಅದನ್ನೂ ಬಿಡಬೇಕಾ?

ಅನಿತಾ: ಬೇಡ ದೊಡ್ಡಮ್ಮ, ಆರಾಮಾಗಿ ಹಾಕಿಕೊಳ್ಳಿ. ಒಳ್ಳೆ ವಾಸನೆಗೆ ಮನಸ್ಸು ಹಗುರಾಗುತ್ತದೆ, ಅದರಲ್ಲಿ ಜಗಳ ಇಲ್ಲ. ಜರ್ಮನಿಯಲ್ಲಿ ಆತಂಕಕ್ಕೆ ಅಂತಲೇ 80 ಮಿಲಿಗ್ರಾಂ ಲ್ಯಾವೆಂಡರ್ ಎಣ್ಣೆಯ ಮಾತ್ರೆ ಇದೆ. ಪುದೀನ ಎಣ್ಣೆಯ ಮಾತ್ರೆಯನ್ನು ಕರುಳಿನ ಸೆಳೆತಕ್ಕೆ ಡಾಕ್ಟರೇ ಬರೆಯುತ್ತಾರೆ, ಹೊಟ್ಟೆ ದಾಟಿ ಕರುಳಲ್ಲಿ ಕರಗುವ ಹಾಗೆ ಅದಕ್ಕೆ ಲೇಪ ಇರುತ್ತದೆ. ಅಷ್ಟು ಲೆಕ್ಕ ಹಾಕಿ ಕೊಡುವ ವಸ್ತು ಅದು. ಹಾಗಂತ ಬಾಟಲಿಯಿಂದ ಹನಿ ಹಾಕಿ ಕುಡಿಯಬೇಡಿ!

ಮಾಲಿನಿ ಅತ್ತೆ: ಜರ್ಮನಿ ಯಾಕೆ? ನಮ್ಮ ಮೈಸೂರಿನಲ್ಲೇ 1916ರಿಂದ ಗಂಧದೆಣ್ಣೆ ತೆಗೆಯುತ್ತಿದ್ದಾರೆ. ನಾನು ಮಾರುವ ಎಣ್ಣೆಗಳ ಕಿಟ್‌ನಲ್ಲೂ ಇದೆ. 10 ಎಂಎಲ್, ಬರೀ 350 ರೂಪಾಯಿ. ಬೇಕಾದವರು ಹೇಳಿ.

ಪವನ್: ಅತ್ತೆ, ಮೊದಲ ಮಹಾಯುದ್ಧದಲ್ಲಿ ಗಂಧದ ಮರ ಜರ್ಮನಿಗೆ ಹೋಗದೆ ರಾಶಿ ಬಿತ್ತು, ಅದಕ್ಕೇ ಮಹಾರಾಜರು ಕಾರ್ಖಾನೆ ಹಾಕಿಸಿದ್ದು. ಸೆಂಟು, ಸೋಪಿನ ಮಾತು ಅದು. ಇನ್ನು 350ರ ಲೆಕ್ಕ. ಅಸಲಿ ಗಂಧದೆಣ್ಣೆ ಕಿಲೋಗೆ ಲಕ್ಷ ದಾಟುತ್ತದೆ. ಲಕ್ಷ ಅಂತಲೇ ಹಿಡಿದರೂ ನಿಮ್ಮ ಬಾಟಲಿಯೊಳಗಿನ ಎಣ್ಣೆಗೇ ಸಾವಿರದ ಹತ್ತಿರ ಆಗಬೇಕು. ಬಾಟಲಿ, ಡಬ್ಬ, ಕಮಿಷನ್ ಬೇರೆ.

ರಘು ಚಿಕ್ಕಪ್ಪ: 😂😂

ಮಾಲಿನಿ ಅತ್ತೆ: ಇದರಲ್ಲಿ ನಗುವುದೇನಿದೆ ರಘು? ಹನ್ನೆರಡು ಸಾವಿರ ಕಟ್ಟಿ ಕಿಟ್ ತಗೊಂಡಿದ್ದೇನೆ. ನಿನ್ನ ಹೆಂಡತಿಯೂ ಎರಡು ಬಾಟಲಿ ತಗೊಂಡಿದ್ದಾಳೆ, ದುಡ್ಡು ಇನ್ನೂ ಬಂದಿಲ್ಲ.

ರಘು ಚಿಕ್ಕಪ್ಪ: ಅದು ನನಗೆ ಗೊತ್ತಿರಲಿಲ್ಲ.

ದೀಪಾ: ನಿಮ್ಮ ಬಾಟಲಿ ಜಗಳ ಆಮೇಲೆ. ನನ್ನ ಮಗುವಿಗೆ ಈಗ ಏನು ಮಾಡಲಿ?

ಅನಿತಾ: ಅಂಗಡಿಯಲ್ಲಿ ಸಲೈನ್ ಮೂಗಿನ ಡ್ರಾಪ್ಸ್ ಸಿಗುತ್ತದೆ, ಬರೀ ಉಪ್ಪು ನೀರು. ಹಾಲು ಕುಡಿಸುವ ಮುಂಚೆ ಎರಡೂ ಹೊಳ್ಳೆಗೆ ಒಂದೆರಡು ಹನಿ ಬಿಡು. ಎದೆಹಾಲು ಸ್ವಲ್ಪ ಸ್ವಲ್ಪವಾಗಿ ಜಾಸ್ತಿ ಸಲ ಕೊಡು. ಉಸಿರಾಡುವಾಗ ಪಕ್ಕೆ ಒಳಗೆ ಎಳೆದುಕೊಂಡರೆ, ಹಾಲು ಬೇಡ ಅಂದರೆ, ಮಂಕಾದರೆ ಬೆಳಗಿನ ತನಕ ಕಾಯಬೇಡ. ಆಸ್ಪತ್ರೆಗೆ ಹೊರಡು.

ದೀಪಾ: ಹಾಲು ಕುಡಿಯುತ್ತಾನೆ. ಇವರನ್ನು ಅಂಗಡಿಗೆ ಕಳಿಸಿದೆ. ಕರ್ಪೂರ ದೇವರ ಮನೆಗೆ ವಾಪಸ್ ಹೋಯ್ತು.

ಸುಮತಿ ದೊಡ್ಡಮ್ಮ: ಮಾಲಿನಿ, ಆ ಮೆಸೇಜ್ ತೆಗಿ. ಮಂಡ್ಯದವರ ಗುಂಪಿಗೂ ಹಾಕಿದ್ದೀಯ, ಅಲ್ಲಿ ಬಾಣಂತಿ ಇದ್ದಾಳೆ.

ಮಾಲಿನಿ ಅತ್ತೆ: ಪವನ್, ಎಲ್ಲರ ಫೋನಿನಿಂದಲೂ ಡಿಲೀಟ್ ಆಗಲು ಏನು ಒತ್ತಬೇಕು?