ಕ್ರೂಸ್ ಹೊರಡಲು ಹನ್ನೆರಡೇ ದಿನ: ಈಗ ಬುಕ್ ಮಾಡಬಹುದೇ?

ಎಲ್ಲರಿಗೂ ನಮಸ್ಕಾರ. ನಾನು ಉಡುಪಿಯವನು. ತಂದೆತಾಯಿಯವರ ಮದುವೆಯ ನಲವತ್ತನೇ ವರ್ಷಕ್ಕೆಂದು ಮುಂಬಯಿಯಿಂದ ಗೋವೆಗೆ ಹೋಗಿಬರುವ ಹಡಗಿನಲ್ಲಿ ನಾಲ್ವರಿಗೆ ಎರಡು ಕೋಣೆ ಕಾದಿರಿಸಬೇಕೆಂದಿದ್ದೇನೆ. ಆದರೆ ನನಗೆ ರಜೆ ಸಿಕ್ಕಿದ್ದು ನಿನ್ನೆಯಷ್ಟೇ, ಹಡಗು ಹೊರಡಲು ಉಳಿದಿರುವುದು ಹನ್ನೆರಡು ದಿನ.

ಏಜೆಂಟರೊಬ್ಬರು ಫೋನಿನಲ್ಲಿ ಹೇಳಿದ ದರಕ್ಕೂ, ಬಂದರು ಶುಲ್ಕ, ಜಿಎಸ್‌ಟಿ, ಸಿಬ್ಬಂದಿಯ ಟಿಪ್ಸ್ ಎಲ್ಲ ಸೇರಿಸಿ ವಾಟ್ಸಾಪಿನಲ್ಲಿ ಕಳುಹಿಸಿದ ಮೊತ್ತಕ್ಕೂ ಅಜಗಜಾಂತರವಿದೆ. ಕೊನೆಗಳಿಗೆಯಲ್ಲಿ ದರ ಇಳಿಯುತ್ತದೆಂದು ಕಾಯುವುದು ಜಾಣತನವೇ, ಅಥವಾ ಇರುವ ಕೋಣೆಯೂ ಕೈತಪ್ಪೀತೇ?

ಕೋಣೆಯ ಸಂಖ್ಯೆಯನ್ನು ಕಂಪೆನಿಯೇ ಕೊನೆಗೆ ನಿಗದಿ ಮಾಡುವ ಅಗ್ಗದ ಟಿಕೆಟ್ ಕೊಳ್ಳಲು ನನಗೆ ಧೈರ್ಯ ಸಾಲುತ್ತಿಲ್ಲ. ಮಲ್ಪೆಯಿಂದ ಸೈಂಟ್ ಮೇರೀಸ್ ದ್ವೀಪಕ್ಕೆ ದೋಣಿಯಲ್ಲಿ ಹೋದಾಗಲೇ ತಂದೆಯವರು ದಾರಿಯುದ್ದಕ್ಕೂ ಲಿಂಬೆಹಣ್ಣನ್ನು ಮೂಗಿಗೆ ಹಿಡಿದು, ಕಣ್ಣುಮುಚ್ಚಿ ಕುಳಿತಿದ್ದರು. (ಊರಿಗೆ ಬಂದು ಎಲ್ಲರಿಗೂ ಹೇಳಿದ್ದು ಮಾತ್ರ ಬೇರೆಯೇ ಕಥೆ.) ಹಡಗಿನ ನಡುಭಾಗದ ಕೆಳ ಅಂತಸ್ತಿನಲ್ಲಿ ಓಲಾಟ ಕಡಿಮೆಯಾದ್ದರಿಂದ ಅಲ್ಲಿಯೇ ಕೋಣೆ ಕೇಳಿ ಪಡೆಯಲು ಸಾಧ್ಯವೇ?

ಇನ್ನೊಂದು ಚಿಂತೆ ಪ್ರಯಾಣದ್ದು. ಮತ್ಸ್ಯಗಂಧ ರೈಲಿನಲ್ಲಿ ಹೊರಟು ಬೆಳಿಗ್ಗೆ ಲೋಕಮಾನ್ಯ ತಿಲಕ್ ಟರ್ಮಿನಸ್‌ನಲ್ಲಿ ಇಳಿದು ಅದೇ ದಿನ ಹಡಗು ಹತ್ತುವುದೆಂದರೆ, ರೈಲು ತಡವಾದರೆ ಹಡಗು ನಮಗಾಗಿ ಕಾಯುವುದಿಲ್ಲ. ಹಾಗಾಗಿ ಒಂದು ದಿನ ಮೊದಲೇ ಮುಂಬಯಿ ತಲುಪುವ ಯೋಚನೆಯಿದೆ. ಹಿರಿಯರೊಂದಿಗೆ ಹೀಗೆ ತರಾತುರಿಯಲ್ಲಿ ಹೋಗಿಬಂದವರು, ನೇರವಾಗಿ ಕಂಪೆನಿಯ ಜಾಲತಾಣದಲ್ಲಿ ಬುಕ್ ಮಾಡಿದಿರೋ ಏಜೆಂಟರ ಮೂಲಕವೋ ಎಂಬುದನ್ನು ನಾಳೆ ಸಂಜೆಯೊಳಗೆ ತಿಳಿಸಿದರೆ ಬಹಳ ಉಪಕಾರವಾಗುತ್ತದೆ.