ಹೊಸ ಕಾಕ್ಲಿಯರ್ ಇಂಪ್ಲಾಂಟ್: ಸದ್ದು ಕೇಳುತ್ತಿದೆ, ಮಾತು ತಿಳಿಯುತ್ತಿಲ್ಲ

ಪ್ರಶ್ನೆ: ಕಡಲೂರಿನವಳು, ಕುಂದಾಪುರ

ಎಲ್ಲರಿಗೂ ನಮಸ್ಕಾರ. ನನಗೆ 47 ವರ್ಷ. ಸಹಕಾರಿ ಸಂಘವೊಂದರಲ್ಲಿ ಲೆಕ್ಕಪತ್ರದ ಕೆಲಸ ಮಾಡುತ್ತೇನೆ. ಮೂವತ್ತು ದಾಟಿದ ಮೇಲೆ ಎರಡೂ ಕಿವಿಗಳು ಸ್ವಲ್ಪ ಸ್ವಲ್ಪವಾಗಿ ಮಂದವಾಗುತ್ತ ಬಂದು, ಹಿಯರಿಂಗ್ ಏಡ್‌ನ ಶಬ್ದ ಎಷ್ಟು ಏರಿಸಿದರೂ ಎದುರಿನವರ ತುಟಿ ನೋಡದೆ ಮಾತು ತಿಳಿಯದ ಸ್ಥಿತಿ ತಲುಪಿದಾಗ, ವೈದ್ಯರ ಸಲಹೆಯಂತೆ ಬಲಗಿವಿಗೆ ಕಾಕ್ಲಿಯರ್ ಇಂಪ್ಲಾಂಟ್ (ಶ್ರವಣ ನರಕ್ಕೆ ನೇರವಾಗಿ ವಿದ್ಯುತ್ ಸಂಕೇತ ಕೊಡಲು ಒಳಕಿವಿಯಲ್ಲಿ ಕೂರಿಸುವ ಸಾಧನ) ಮಾಡಿಸಿಕೊಂಡೆ. ಗಾಯ ಚೆನ್ನಾಗಿ ಮಾಗಿದೆ. ಸಾಧನ ಸ್ವಿಚ್ ಆನ್ ಆಗಿ ಇನ್ನೂ ಒಂದು ತಿಂಗಳು ತುಂಬಿಲ್ಲ.

ಈಗ ಸದ್ದುಗಳೆಲ್ಲ ಕೇಳುತ್ತಿವೆ. ಆದರೆ ಯಾವುದೂ ನನ್ನ ನೆನಪಿನಲ್ಲಿರುವ ಸದ್ದಿನಂತಿಲ್ಲ. ನಮ್ಮ ಮನೆಯವರ ದನಿಯೂ ಮಗಳ ದನಿಯೂ ಒಂದೇ ರೀತಿ ಕೀರಲಾಗಿ ಕೇಳುತ್ತವೆ. ಬಚ್ಚಲಿನ ನಲ್ಲಿಯ ನೀರು, ಸಿಂಕಿಗೆ ಬೀಳುವ ಚಮಚ, ಪ್ಲಾಸ್ಟಿಕ್ ಚೀಲದ ಪರಪರ ಸದ್ದು, ಇವು ಮಾತಿಗಿಂತ ಮುಂದೆ ಬಂದು ಕಿವಿಗೆ ಚುಚ್ಚುತ್ತವೆ. ಎಡಗಿವಿಯ ಹಿಯರಿಂಗ್ ಏಡ್ ಹಾಕಿಕೊಂಡರೆ ಸ್ವಲ್ಪ ಸಮಾಧಾನವಾಗುತ್ತದೆ, ಆದರೆ ಆಗ ಹೊಸ ಕಿವಿ ಕಲಿಯುವುದೇ ಇಲ್ಲವೇನೋ ಎಂಬ ಭಯ. ಅಭ್ಯಾಸಕ್ಕೆಂದು ಕೊಟ್ಟಿರುವ ಹಾಳೆಗಳಲ್ಲಿ ಇರುವುದೆಲ್ಲ ಇಂಗ್ಲಿಷ್ ಪದಗಳು. ನಮ್ಮ ಮನೆಯಲ್ಲಿ ಆಡುವುದು ಕುಂದಾಪುರದ ಕನ್ನಡ.

ಮಾತು ತಿಳಿಯಲು ಎಷ್ಟು ಕಾಲ ಬೇಕಾಗಬಹುದು, ಕನ್ನಡದಲ್ಲಿ ಅಭ್ಯಾಸ ಮಾಡುವುದು ಹೇಗೆ, ಹಿಯರಿಂಗ್ ಏಡ್ ನಿಲ್ಲಿಸಬೇಕೇ ಎಂಬುದನ್ನು ಅನುಭವಿಗಳು ದಯವಿಟ್ಟು ತಿಳಿಸಬೇಕು. ಇನ್ನೊಂದು ಮಾತು. ಚಿಕ್ಕಂದಿನಿಂದ ಯಕ್ಷಗಾನ ನೋಡಿ ಬೆಳೆದವಳು ನಾನು. ಈಗ ಚೆಂಡೆಯ ಪೆಟ್ಟು ಒಂದೊಂದೂ ಬಿಡಿಬಿಡಿಯಾಗಿ ಕೇಳುತ್ತದೆ, ಭಾಗವತರ ಪದ ಮಾತ್ರ ಯಾವ ರಾಗವೆಂದೂ ತಿಳಿಯದಂತೆ ಕರಕರ ಎನ್ನುತ್ತದೆ. ಅದು ಮರಳಿ ಬರುತ್ತದೆಯೇ?

ಉತ್ತರ: ಆಡಿಯಾಲಜಿಸ್ಟ್ (ಶ್ರವಣ ತಜ್ಞೆ), ಮೈಸೂರು

ಮೇಡಂ, ನೀವು ವಿವರಿಸಿರುವುದು ಇಂಪ್ಲಾಂಟ್ ಕೆಟ್ಟಿರುವುದರ ಲಕ್ಷಣವಲ್ಲ. ಮಾತು ಬಲ್ಲವರಾಗಿ ಬೆಳೆದು ನಂತರ ಶ್ರವಣಶಕ್ತಿ ಕಳೆದುಕೊಂಡ ಬಹಳಷ್ಟು ಜನ ಮೊದಲ ವಾರಗಳಲ್ಲಿ ಇದನ್ನೇ ಹೇಳುತ್ತಾರೆ. ಸಹಜವಾದ ಒಳಕಿವಿಯಲ್ಲಿ ಸುಮಾರು 3,500 ಒಳ ಕೂದಲುಕೋಶಗಳು ಶಬ್ದವನ್ನು ನರಕ್ಕೆ ದಾಟಿಸುತ್ತವೆ. ಇಂಪ್ಲಾಂಟ್‌ನಲ್ಲಿ ಅದೇ ಕೆಲಸವನ್ನು, ಯಾವ ಕಂಪನಿಯದು ಎಂಬುದನ್ನು ಅನುಸರಿಸಿ, ನರಕ್ಕೆ ವಿದ್ಯುತ್ ಮುಟ್ಟಿಸುವ 12ರಿಂದ 22 ಎಲೆಕ್ಟ್ರೋಡ್‌ಗಳು ಮಾಡಬೇಕಾಗುತ್ತದೆ. ಮಂದ್ರದ ಶಬ್ದಗಳನ್ನು ಹಿಡಿಯುವ ಜಾಗ ಕಾಕ್ಲಿಯಾದ (ಒಳಕಿವಿಯ ಶಂಖದಂತಹ ಭಾಗದ) ಸುರುಳಿಯ ತುತ್ತತುದಿಯಲ್ಲಿದ್ದು, ಎಲೆಕ್ಟ್ರೋಡ್‌ಗಳ ಎಳೆ ಸಾಮಾನ್ಯವಾಗಿ ಅಲ್ಲಿಯವರೆಗೆ ತಲುಪುವುದಿಲ್ಲವಾದ್ದರಿಂದ, ಗಂಡಸರ ದಪ್ಪ ದನಿಯೂ ಮೊದಮೊದಲು ಕೀರಲಾಗಿ ಕೇಳುತ್ತದೆ. ಈ ಹೊಸ ಹಂಚಿಕೆಗೆ ಮೆದುಳು ಹೊಂದಿಕೊಂಡಂತೆ ದನಿಗಳು ತಮ್ಮ ತಮ್ಮ ಜಾಗಕ್ಕೆ ಇಳಿಯುತ್ತವೆ. ಮಾತಿನ ಗ್ರಹಿಕೆಯಲ್ಲಿ ಹೆಚ್ಚಿನ ಸುಧಾರಣೆ ಮೊದಲ ಆರು ತಿಂಗಳಲ್ಲಿ ಕಾಣುತ್ತದೆ. ಒಂದು ವರ್ಷದವರೆಗೂ, ಕೆಲವರಲ್ಲಿ ಅದರಾಚೆಗೂ ಮುಂದುವರಿಯುತ್ತದೆ. ನೀವು ಇಷ್ಟು ವರ್ಷ ಹಿಯರಿಂಗ್ ಏಡ್ ಬಿಡದೆ ಬಳಸಿ ಶ್ರವಣ ನರಕ್ಕೆ ಕೆಲಸ ಕೊಟ್ಟಿರುವುದು ನಿಮ್ಮ ಪರವಾಗಿದೆ.

ಮೊದಲ ಮ್ಯಾಪ್ ಅನ್ನು ಕೊನೆಯ ಮ್ಯಾಪ್ ಎಂದು ಭಾವಿಸಬೇಡಿ. ಪ್ರತಿ ಎಲೆಕ್ಟ್ರೋಡ್‌ಗೂ ಎಷ್ಟು ಕಡಿಮೆ ವಿದ್ಯುತ್ತಿನಲ್ಲಿ ಸದ್ದು ಗೊತ್ತಾಗುತ್ತದೆ, ಎಷ್ಟರವರೆಗೆ ಹಿತವಾಗಿರುತ್ತದೆ ಎಂಬ ಎರಡು ಮಟ್ಟಗಳನ್ನು ನಿಗದಿಪಡಿಸುವುದೇ ಮ್ಯಾಪಿಂಗ್. ಒಳಗಿನ ಗಾಯ ಮಾಗುತ್ತ, ನರಕ್ಕೆ ಅಭ್ಯಾಸವಾಗುತ್ತ ಈ ಮಟ್ಟಗಳು ಬದಲಾಗುವುದರಿಂದ ಮೊದಲ ತಿಂಗಳುಗಳಲ್ಲಿ ಮತ್ತೆ ಮತ್ತೆ ಹೋಗಬೇಕಾಗುತ್ತದೆ. ಅಲ್ಲಿ “ಸರಿಯಾಗಿ ಕೇಳುತ್ತಿಲ್ಲ” ಎಂದಷ್ಟೇ ಹೇಳಿದರೆ ನಮಗೆ ಹೆಚ್ಚು ತಿಳಿಯುವುದಿಲ್ಲ. ಚಮಚದ ಸದ್ದು ಚುಚ್ಚುತ್ತದೆ, ಮಗಳು “ಸಾಕು” ಎಂದದ್ದು “ಆಕು” ಎಂದು ಕೇಳಿತು, ಎಂಬಂತಹ ವಿವರಗಳನ್ನು ಚೀಟಿಯಲ್ಲಿ ಬರೆದು ತಂದರೆ ಯಾವ ಎಲೆಕ್ಟ್ರೋಡ್‌ಗಳತ್ತ ಗಮನ ಕೊಡಬೇಕೆಂದು ಕೂಡಲೇ ಗೊತ್ತಾಗುತ್ತದೆ.

ಬೆಳಿಗ್ಗೆ ಪ್ರೊಸೆಸರ್ (ಇಂಪ್ಲಾಂಟ್‌ನ ಹೊರಗೆ ಧರಿಸುವ ಭಾಗ) ಹಾಕಿಕೊಂಡ ಕೂಡಲೇ ಮನೆಯವರು ನಿಮ್ಮ ಹಿಂದೆ ನಿಂತು ಆ, ಈ, ಊ, ಮ್, ಶ್, ಸ್ ಎಂಬ ಆರು ಧ್ವನಿಗಳನ್ನು ಕ್ರಮ ತಪ್ಪಿಸಿ ಹೇಳಲಿ, ನೀವು ತಿರುಗಿ ಹೇಳಿ. ಡೇನಿಯಲ್ ಲಿಂಗ್ ರೂಪಿಸಿದ ಈ ಪರೀಕ್ಷೆ ಮಾತಿನಲ್ಲಿ ಬರುವ ತಗ್ಗಿನ ಧ್ವನಿಗಳಿಂದ ಎತ್ತರದ ಧ್ವನಿಗಳವರೆಗಿನ ವ್ಯಾಪ್ತಿಯನ್ನು ಮುಟ್ಟುತ್ತದೆ. ನಿನ್ನೆ ಕೇಳಿದ ಧ್ವನಿ ಇವತ್ತು ಕೇಳದಿದ್ದರೆ ಬ್ಯಾಟರಿ, ಕಾಯಿಲ್ (ಮ್ಯಾಗ್ನೆಟ್‌ನಿಂದ ತಲೆಗೆ ಅಂಟಿಕೊಳ್ಳುವ ದುಂಡು ತುಣುಕು), ಮೈಕ್ರೊಫೋನ್ ನೋಡಿ. ಅವು ಸರಿಯಿದ್ದೂ ಕೇಳದಿದ್ದರೆ ಮುಂದಿನ ಭೇಟಿಯವರೆಗೆ ಕಾಯದೆ ಕ್ಲಿನಿಕ್‌ಗೆ ತಿಳಿಸಿ.

ಹಿಯರಿಂಗ್ ಏಡ್ ನಿಲ್ಲಿಸಬೇಡಿ. ಎಡಗಿವಿಯಲ್ಲಿ ಉಳಿದಿರುವ ತಗ್ಗಿನ ಧ್ವನಿಗಳ ಶ್ರವಣ, ಇಂಪ್ಲಾಂಟ್ ಕೊಡಲಾರದ ಸ್ವರದ ಏರಿಳಿತವನ್ನು ಕೊಡುತ್ತದೆ, ಮತ್ತು ಪದ್ಯ ಕೇಳುವ ಆಸೆಯಿರುವ ನಿಮಗೆ ಅದು ಮುಖ್ಯ. ದಿನದ ಒಂದೆರಡು ಗಂಟೆ ಅಭ್ಯಾಸದ ಹೊತ್ತಿನಲ್ಲಿ ಮಾತ್ರ ಅದನ್ನು ತೆಗೆದಿಟ್ಟು ಬಲಗಿವಿಯೊಂದರಿಂದಲೇ ಕೇಳಿ. ಪ್ರೊಸೆಸರ್ ಅನ್ನಂತೂ ಎಚ್ಚರವಿರುವಷ್ಟು ಹೊತ್ತೂ ಹಾಕಿಕೊಂಡಿರಬೇಕು. ಪರೀಕ್ಷೆ ಕನ್ನಡದಲ್ಲೇ ಆಗಲಿ ಎಂದು ನೀವು ಕೇಳಿಕೊಳ್ಳಬಹುದು. ಶ್ರವಣ ಪರೀಕ್ಷೆಗೆ ಬೇಕಾದ ಕನ್ನಡ ಪದಪಟ್ಟಿಗಳನ್ನು ನಮ್ಮೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಬಹಳ ಹಿಂದೆಯೇ ಸಿದ್ಧಪಡಿಸಲಾಗಿದೆ.

ಉತ್ತರ: ನಿವೃತ್ತ ಕನ್ನಡ ಶಿಕ್ಷಕ, ಹಾವೇರಿ

ತಂಗೀ, ನಾನು ಹಲವು ವರ್ಷಗಳಿಂದ ಇಂಪ್ಲಾಂಟ್ ಬಳಸುತ್ತಿದ್ದೇನೆ. ಡಾಕ್ಟರಮ್ಮನವರು ಯಂತ್ರದ ವಿಷಯ ಹೇಳಿದ್ದಾರೆ. ನಾನು ಅಭ್ಯಾಸದ ವಿಷಯವನ್ನಷ್ಟೇ, ಅದೂ ಕನ್ನಡದ ಅಭ್ಯಾಸವನ್ನು, ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ, ಏಕೆಂದರೆ ಇಂಗ್ಲಿಷ್ ಪದಗಳ ಹಾಳೆ ಹಿಡಿದು ಕೂತು ಎದೆಗುಂದಿದವರನ್ನು ಕಂಡಿದ್ದೇನೆ.

ಇಂಪ್ಲಾಂಟ್ ಕಾಲದ ಅಳತೆಯನ್ನು ಚೆನ್ನಾಗಿ ಹಿಡಿಯುತ್ತದೆ. ನಾಲಿಗೆ ಬಾಯಿಯಲ್ಲಿ ಎಲ್ಲಿ ತಾಗಿತು ಎಂಬುದನ್ನು ಅಷ್ಟು ಚೆನ್ನಾಗಿ ಹಿಡಿಯದು. ಅದಕ್ಕೇ ಮೊದಲು ಪದದ ಉದ್ದದಿಂದ ಆರಂಭಿಸಿ. ದಿನಸಿಯ ಚೀಟಿಯಲ್ಲಿ ಬೆಲ್ಲ, ಮೊಸರು, ಕೊತ್ತಂಬರಿ ಎಂದು ಬರೆದು ನಿಮ್ಮ ಮುಂದೆ ಇಟ್ಟುಕೊಳ್ಳಿ. ಮನೆಯವರು ಬಾಯಿಗೆ ಹಾಳೆ ಅಡ್ಡ ಹಿಡಿದು ಒಂದನ್ನು ಹೇಳಿದರೆ, ಎರಡಕ್ಷರವೋ ಮೂರೋ ನಾಲ್ಕೋ ಎಂಬುದರಿಂದಲೇ ನೀವು ಗುರುತಿಸುತ್ತೀರಿ. ಅದು ಸುಲಭವಾದ ಮೇಲೆ ಹ್ರಸ್ವ ದೀರ್ಘಗಳಿಗೆ ಬನ್ನಿ: ಬಿಡು, ಬೀಡು, ಕಡು, ಕಾಡು, ಕೊಡು, ಕೋಡು. ಆಮೇಲೆ ಕತೆ, ಕತ್ತೆ, ಬಳಿ, ಬಳ್ಳಿ. ಕನ್ನಡದಲ್ಲಿ ಹಲವು ಪದಗಳ ಅರ್ಥ ಮಾತ್ರೆಯ (ಅಕ್ಷರ ಹೇಳಲು ಬೇಕಾಗುವ ಕಾಲದ ಅಳತೆಯ) ಮೇಲೆ ನಿಂತಿರುವುದು ನಮಗೆ ದೊಡ್ಡ ಅನುಕೂಲ. ಕೊನೆಗೆ ಬರಬೇಕಾದದ್ದು ಹುಲಿ, ಹುಳಿ, ಮನೆ, ಮಣೆ, ಹಲ್ಲಿ, ಹಳ್ಳಿ. ಈ ಜೋಡಿಗಳು ನನಗೆ ಇಂದಿಗೂ ಕಿವಿಯಿಂದಷ್ಟೇ ಪ್ರತಿಸಲವೂ ಬಿಡಿಸಿ ಕೇಳುವುದಿಲ್ಲ, ಆದರೆ ವಾಕ್ಯದಲ್ಲಿ ಬಂದಾಗ ತೊಂದರೆಯಾಗುವುದಿಲ್ಲ. ಸಾರಿಗೆ ಹಾಕಿದ್ದು ಹುಳಿಯೇ ಎಂದು ಬುದ್ಧಿ ತಾನಾಗಿ ತಿಳಿದುಕೊಳ್ಳುತ್ತದೆ.

ಹೆಚ್ಚು ತೊಂದರೆ ಕೊಡುವುದು ವಾಕ್ಯದ ಕೊನೆ. ನಮ್ಮ ಭಾಷೆಯಲ್ಲಿ ಬಂದದ್ದು ಅವನೋ ಅವಳೋ, ಕೆಲಸ ಆಯಿತೋ ಇಲ್ಲವೋ ಎಂಬುದೆಲ್ಲ ಕ್ರಿಯಾಪದದ ಬಾಲದಲ್ಲಿರುತ್ತದೆ, ಮತ್ತು ಮಾತನಾಡುವವರು ದನಿ ತಗ್ಗಿಸುವುದೂ ಅಲ್ಲಿಯೇ. “ಬರ್ತಾನೆ”, “ಬರ್ತಾಳೆ”, “ಆಗತ್ತೆ”, “ಆಗಲ್ಲ” ಇವುಗಳನ್ನು ಬೇರೆಯಾಗಿಯೇ ಅಭ್ಯಾಸ ಮಾಡಬೇಕು. ನಿಮ್ಮ ಕಡೆಯ ಕನ್ನಡದಲ್ಲಿ ಪದಗಳ ಕೊನೆಯ ಸ್ವರ ಇನ್ನಷ್ಟು ಮೊಟಕಾಗುವುದರಿಂದ, ಆ ಪಟ್ಟಿಯನ್ನು ನಿಮ್ಮ ಮನೆಯವರ ಬಾಯಿಂದ ಬರುವ ರೂಪದಲ್ಲೇ ನೀವೇ ಬರೆದುಕೊಳ್ಳುವುದು ಒಳ್ಳೆಯದು. ಕಚೇರಿಯಲ್ಲಿ ಮೊತ್ತ, ದಿನಾಂಕ, ಹೌದು ಅಲ್ಲ ಎಂಬ ವಿಷಯ ಬಂದಾಗ “ಏನು?” ಎಂದು ಕೇಳಬೇಡಿ. “ಹದಿನೈದನೇ ತಾರೀಕಿಗೆ ಆಗುವುದಿಲ್ಲ ಎಂದಿರಿ, ಅಲ್ಲವೇ?” ಎಂದು ನೀವು ಕೇಳಿಸಿಕೊಂಡದ್ದನ್ನೇ ಅವರ ಮುಂದಿಡಿ. ಆಗ ಅವರು ತಪ್ಪಿದ ಪದವನ್ನು ಮಾತ್ರ ತಿದ್ದುತ್ತಾರೆ.

ಪದಗಳ ಜೊತೆಗೆ ಓದಿನ ಅಭ್ಯಾಸವೂ ಇರಲಿ. ಮಗಳು ಪತ್ರಿಕೆಯ ಒಂದು ಸುದ್ದಿಯನ್ನು ಗಟ್ಟಿಯಾಗಿ ಓದಲಿ, ನೀವು ಅದೇ ಸಾಲಿನ ಮೇಲೆ ಬೆರಳಿಟ್ಟು ಹಿಂಬಾಲಿಸಿ. ನಡುವೆ ಎಲ್ಲಾದರೂ ಅವಳು ನಿಲ್ಲಿಸಿದಾಗ ಕೊನೆಯ ಪದ ಯಾವುದೆಂದು ನೀವು ತೋರಿಸಬೇಕು. ಆಮೇಲೆ ಪತ್ರಿಕೆ ಮುಚ್ಚಿ ಕೇಳಿ. ಅದಾದ ಮೇಲೆ ಆಕಾಶವಾಣಿಯ ವಾರ್ತೆ. ಬೆಳಿಗ್ಗೆ ಓದಿದ ಸುದ್ದಿಯೇ ಅಲ್ಲಿ ಬರುವುದರಿಂದ ಮತ್ತು ಓದುವವರ ಉಚ್ಚಾರ ಸ್ಪಷ್ಟವಿರುವುದರಿಂದ ಎರಡೂ ಕಡೆಯಿಂದ ಆಸರೆ ಸಿಗುತ್ತದೆ. ಫೋನು ಎಲ್ಲಕ್ಕಿಂತ ಕೊನೆಗೆ.

ಯಕ್ಷಗಾನದ ವಿಷಯ ನೀವು ಕೇಳಿದ್ದು ನನ್ನ ಮನಸ್ಸಿಗೆ ಬಹಳ ತಾಗಿತು. ವೀಣೆಯ ಗಮಕವನ್ನು ಹಾರ್ಮೋನಿಯಂನ ನಾಲ್ಕಾರು ಮನೆಗಳಲ್ಲಿ ನುಡಿಸಲು ಹೊರಟರೆ ಹೇಗೋ, ರಾಗದ ವಿಷಯದಲ್ಲಿ ಇಂಪ್ಲಾಂಟ್‌ನ ಸ್ಥಿತಿ ಹಾಗೆ. ತಾಳ ಪೂರ್ತಿಯಾಗಿ ದಾಟುತ್ತದೆ, ಸ್ವರ ಪೂರ್ತಿಯಾಗಿ ದಾಟುವುದಿಲ್ಲ. ಮೊದಲಿನಂತೆಯೇ ಕೇಳುತ್ತದೆ ಎಂದು ಭರವಸೆ ಕೊಟ್ಟರೆ ಅದು ಸುಳ್ಳಾದೀತು. ಆದರೆ ನಿಮಗೆ ಬಾಯಿಪಾಠ ಬರುವ ಒಂದೆರಡು ಪದ್ಯಗಳನ್ನು, ಹಿಮ್ಮೇಳದ ಗದ್ದಲವಿಲ್ಲದೆ ಒಬ್ಬರೇ ಹಾಡಿದ್ದನ್ನು, ಸಾಹಿತ್ಯ ಮುಂದಿಟ್ಟುಕೊಂಡು, ಎಡಗಿವಿಯ ಹಿಯರಿಂಗ್ ಏಡ್ ಸಹಿತ ದಿನಾ ಕೇಳಿ. ನೆನಪಿನಲ್ಲಿರುವ ಧಾಟಿ ಬಂದು ಕೂಡಿಕೊಳ್ಳುತ್ತದೆ. ನನಗೆ ಹಳೆಯ ತತ್ವಪದಗಳು ಹೀಗೆಯೇ ಮರಳಿ ದಕ್ಕಿವೆ. ಹೊಸ ಹಾಡುಗಳು ಇನ್ನೂ ದಕ್ಕಿಲ್ಲ.

ಉತ್ತರ: ಮನೆಯವರ ಪರವಾಗಿ ಒಬ್ಬ, ಬೆಂಗಳೂರು

ನನ್ನ ಪತ್ನಿ ಇಂಪ್ಲಾಂಟ್ ಬಳಸುತ್ತಾಳೆ. ಈ ಭಾಗವನ್ನು ನಿಮ್ಮ ಯಜಮಾನರಿಗೂ ಮಗಳಿಗೂ ಓದಿಸಿ ಎಂದು ಕೋರುತ್ತೇನೆ. ಶಸ್ತ್ರಚಿಕಿತ್ಸೆಗೆ ಇಷ್ಟೊಂದು ಹಣ ಖರ್ಚಾಗಿದೆ, ಇನ್ನೇಕೆ ಕೇಳುವುದಿಲ್ಲ ಎಂಬ ಮಾತನ್ನು ಬಂಧುಗಳು ಆಡಿಯೇ ಆಡುತ್ತಾರೆ, ಮತ್ತು ಆ ಮಾತು ಇಂಪ್ಲಾಂಟ್ ಹಾಕಿಸಿಕೊಂಡವರ ಕಿವಿಗೆ ಬೀಳುತ್ತದೆ. ಅದಕ್ಕೆ ಉತ್ತರ ಕೊಡುವ ಕೆಲಸ ಮನೆಯವರದ್ದಾಗಬೇಕೇ ಹೊರತು ಇಂಪ್ಲಾಂಟ್ ಹಾಕಿಸಿಕೊಂಡವರದ್ದಲ್ಲ. ಕೂಗಿ ಮಾತನಾಡುವುದರಿಂದ ಪ್ರಯೋಜನವಿಲ್ಲ, ಪ್ರೊಸೆಸರ್ ಜೋರಾದ ಶಬ್ದವನ್ನು ತಾನೇ ಅದುಮುತ್ತದೆ. ಮೊದಲು ಹೆಸರು ಹಿಡಿದು ಕರೆದು, ಅವರು ಗಮನಿಸಿದ ಮೇಲೆ, ಪಕ್ಕದಲ್ಲಿ ಮಿಕ್ಸಿಯೋ ಟಿವಿಯೋ ಇದ್ದರೆ ನಿಲ್ಲಿಸಿ, ಮಾಮೂಲಿ ದನಿಯಲ್ಲಿ ಹೇಳಿದರೆ ಸಾಕು. ಹೇಳಿದ್ದು ತಿಳಿಯದಿದ್ದಾಗ “ಬಿಡು, ಏನಿಲ್ಲ” ಎಂದು ಮುಗಿಸಬೇಡಿ. ಮನೆಯ ಮಾತಿನಿಂದ ಹೊರಗುಳಿದಷ್ಟು ನೋವು ನನ್ನ ಪತ್ನಿಗೆ ಕಿವಿ ಮಂದವಾದಾಗಲೂ ಆಗಿರಲಿಲ್ಲ.

ಸಂಜೆಯ ಹೊತ್ತಿಗೆ ತಲೆ ಭಾರವಾಗುವುದೂ ಸುಸ್ತಾಗುವುದೂ ಮೊದಲ ತಿಂಗಳುಗಳಲ್ಲಿ ಸಹಜ, ಏಕೆಂದರೆ ದಿನವಿಡೀ ಗಮನವಿಟ್ಟು ಕೇಳುವುದೇ ದೊಡ್ಡ ದುಡಿಮೆ. ಆಗ ಹದಿನೈದು ನಿಮಿಷ ಮೌನವಾಗಿ ಕೂರಲು ಬಿಡಿ.

ಕಡಲೂರಿನವಳು, ಕುಂದಾಪುರ

ಮೂವರಿಗೂ ಕೃತಜ್ಞತೆಗಳು. ಅಣ್ಣನವರು ಹೇಳಿದಂತೆ “ಬತ್ತ್”, “ಬತ್ತಿಲ್ಲೆ” ಎಂದು ನಮ್ಮ ಮಾತಿನದೇ ಪಟ್ಟಿ ಬರೆಯಲು ಮಗಳು ಕೂತಿದ್ದಾಳೆ. ಇನ್ನೆರಡು ಸಂದೇಹಗಳಿವೆ. ನಮ್ಮಲ್ಲಿ ಮಳೆಗಾಲದ ತೇವಕ್ಕೆ ಗೋಡೆಯೇ ಬೆವರುತ್ತದೆ. ಪ್ರೊಸೆಸರ್ ಕಾಪಾಡುವುದು ಹೇಗೆ? ಸ್ಕೂಟರಿನಲ್ಲಿ ಹೋಗುವಾಗ ಹೆಲ್ಮೆಟ್ ತಾಗಿ ಕಾಯಿಲ್ ಜಾರಿ ಬೀಳುತ್ತದೆ. ಇನ್ನೂ ಗಟ್ಟಿಯಾದ ಮ್ಯಾಗ್ನೆಟ್ ಹಾಕಿಸಬಹುದೇ?

ಆಡಿಯಾಲಜಿಸ್ಟ್, ಮೈಸೂರು

ಪ್ರತಿ ರಾತ್ರಿ ಪ್ರೊಸೆಸರ್ ಅನ್ನು ಒಣಬಟ್ಟೆಯಿಂದ ಒರೆಸಿ ಡ್ರೈಯಿಂಗ್ ಬಾಕ್ಸ್‌ನಲ್ಲಿಡಿ. ಒಳಗಿನ ತೇವ ಹೀರುವ ಬಿಲ್ಲೆಯನ್ನು ಕಂಪನಿ ಹೇಳಿದ ಅವಧಿಗೆ ಬದಲಿಸಬೇಕು, ಕರಾವಳಿಯಲ್ಲಿ ಇದನ್ನು ಮುಂದೂಡಲೇಬಾರದು. ಬಳಸಿ ಎಸೆಯುವ ಝಿಂಕ್ ಏರ್ ಬ್ಯಾಟರಿಯಿದ್ದರೆ ಅದನ್ನು ಹೊರಗೆ ತೆಗೆದು ಇಡಿ. ಆ ಬ್ಯಾಟರಿಗೆ ಗಾಳಿ ಬೇಕಾದ್ದರಿಂದ, ಮಳೆಗೆಂದು ಪ್ರೊಸೆಸರ್‌ಗೆ ಗಾಳಿಯಾಡದ ಕವಚ ಹಾಕುವುದಾದರೆ ರೀಚಾರ್ಜ್ ಬ್ಯಾಟರಿಯನ್ನೇ ಬಳಸಬೇಕಾಗುತ್ತದೆ.

ಮ್ಯಾಗ್ನೆಟ್‌ನ ಬಲವನ್ನು ನೀವಾಗಿಯೇ ಹೆಚ್ಚಿಸಬೇಡಿ. ಅತಿಯಾದ ಸೆಳೆತದಿಂದ ಕಾಯಿಲ್‌ನ ಕೆಳಗಿನ ಚರ್ಮಕ್ಕೆ ರಕ್ತದ ಓಟ ಕಡಿಮೆಯಾಗಿ ಹುಣ್ಣಾಗಬಹುದು. ಈಗಲೂ ರಾತ್ರಿ ತೆಗೆದಾಗ ಆ ಜಾಗ ಕೆಂಪಾಗಿದೆಯೇ, ನೋಯುತ್ತದೆಯೇ ಎಂದು ಮನೆಯವರು ನೋಡಲಿ. ಹೆಲ್ಮೆಟ್ ಅನ್ನು ಒಂದು ಅಳತೆ ದೊಡ್ಡದು ಕೊಳ್ಳುವ ಬದಲು, ಒಳಮೆತ್ತೆಯ ಬೇರೆ ಬೇರೆ ವಿನ್ಯಾಸಗಳನ್ನು ಅಂಗಡಿಯಲ್ಲೇ ಪ್ರೊಸೆಸರ್ ಸಹಿತ ಹಾಕಿ ನೋಡಿ ಆರಿಸಿಕೊಳ್ಳಿ, ಮತ್ತು ಪ್ರೊಸೆಸರ್‌ಗೆ ಬಟ್ಟೆಗೆ ಸಿಕ್ಕಿಸುವ ದಾರ ಹಾಕಿಸಿ, ಜಾರಿದರೂ ರಸ್ತೆಗೆ ಬೀಳುವುದಿಲ್ಲ.

ನೀವು ಕೇಳದಿದ್ದರೂ ಒಂದು ವಿಷಯ ಹೇಳಲೇಬೇಕು. ಇಂಪ್ಲಾಂಟ್‌ನ ಮಾದರಿ ನಮೂದಿಸಿರುವ ಕಾರ್ಡ್ ಸದಾ ನಿಮ್ಮ ಪರ್ಸಿನಲ್ಲಿರಲಿ. ಯಾವುದೇ ಕಾರಣಕ್ಕೆ ಎಂಆರ್‌ಐ ಸ್ಕ್ಯಾನ್ ಅಥವಾ ಬೇರೆ ಶಸ್ತ್ರಚಿಕಿತ್ಸೆ ಬರೆದುಕೊಟ್ಟರೆ, ಒಳಗಿರುವ ಮ್ಯಾಗ್ನೆಟ್‌ನ ಕಾರಣ ಆ ಮಾದರಿಗೆ ಯಾವ ಮುನ್ನೆಚ್ಚರಿಕೆ ಬೇಕೆಂದು ಅವರು ಮೊದಲೇ ನೋಡಬೇಕಾಗುತ್ತದೆ. ನ್ಯೂಮೊಕಾಕಸ್ ಲಸಿಕೆ ಇನ್ನೂ ಆಗಿಲ್ಲವಾದರೆ ಈ ವಾರವೇ ನಿಮ್ಮ ಸರ್ಜನ್ ಅವರನ್ನು ಕೇಳಿ. ಇಂಪ್ಲಾಂಟ್ ಇರುವವರಲ್ಲಿ ಮಿದುಳು ಪೊರೆಯ ಉರಿಯೂತದ ಅಪಾಯ ಸ್ವಲ್ಪ ಹೆಚ್ಚಿರುವುದರಿಂದ ಅದನ್ನು ಕೊಡಲಾಗುತ್ತದೆ.