ಬಾರ್ನ್ ಪಿಚ್ಚರಿನಾಗ ಮೊದಲನೇ ಭಾಗ ದೊಡ್ಡದೋ, ಮೂರನೇದೋ? ನೋಡಿದವರು ಹೇಳ್ರಿ

ತಾಲೀಮಿನಾಂವ, ಬೆಳಗಾವಿ

ನಮಸ್ಕಾರ್ರಿ ಎಲ್ಲಾರ್ಗೂ. ‘ದಿ ಬಾರ್ನ್ ಐಡೆಂಟಿಟಿ’ ನೋಡಿದವರಿಗೆ ಒಂದು ಪ್ರಶ್ನೆ ಐತಿ. 2002ರ ಪಿಚ್ಚರ್, ನೆನಪು ಕಳಕೊಂಡ ಅಮೆರಿಕದ ಗೂಢಚಾರ ಜೇಸನ್ ಬಾರ್ನ್‌ನ ಕತಿ, ಮ್ಯಾಟ್ ಡೇಮನ್ ಹೀರೋ, ಡಗ್ ಲೈಮನ್ ನಿರ್ದೇಶನ. ಎಲ್ಲೆ ಓದಿದ್ರೂ ಮೂರನೇ ಭಾಗ, ಅಂದ್ರ 2007ರ ‘ಅಲ್ಟಿಮೇಟಮ್’, ಅದ ಎಲ್ಲಾದಕ್ಕಿಂತ ಶ್ರೇಷ್ಠ ಅಂತ ಬರದಿರ್ತಾರ. ಅದಕ್ಕ ಮೂರು ಆಸ್ಕರ್ ಬಂದಾವ, ಎಡಿಟಿಂಗಿಗೆ ಒಂದು, ಸೌಂಡಿಗೆ ಎರಡು. ನನಗ ಈ ಮಾತು ಒಪ್ಪಿಗಿ ಇಲ್ಲ. ಮೊದಲನೇದ ದೊಡ್ಡದು ಅಂತೀನಿ. ಯಾಕ ಅಂತ ಹೇಳ್ತೀನಿ, ಆಮ್ಯಾಲ ನಿಮ್ಮ ವಿಚಾರ ಹೇಳ್ರಿ. ಕತಿ ಎಲ್ಲಾ ಬಿಚ್ಚಿ ಬರಿಯಾಕತ್ತೀನಿ, ನೋಡದ ಇದ್ದವರು ಇಲ್ಲೇ ನಿಂದರ್ರಿ.

ನಾ ಸಣ್ಣಾಂವ ಇದ್ದಾಗಿಂದ ಮಣ್ಣಿನ ಕುಸ್ತಿ ಆಡಿದಾಂವ. ಈಗ ಆಡೂದು ಬಿಟ್ಟೀನಿ, ಸಂಜೀಕ ತಾಲೀಮಿಗೆ ಬರೂ ಹುಡುಗರಿಗೆ ಪಟ್ಟು ಹೇಳಿಕೊಡ್ತೀನಿ. ಹಂಗಾಗಿ ಹೊಡದಾಟದ ಪಿಚ್ಚರ್ ಅಂದ್ರ ನನ್ನ ಕಣ್ಣು ಮಾರಿ ಕಡೆ ಹೋಗೂದಿಲ್ಲ, ಕೈಕಾಲಿನ ಕಡೆ ಹೋಗ್ತೈತಿ.

ಜ್ಯೂರಿಕ್ ಊರಾಗ ರಾತ್ರಿ ಪಾರ್ಕಿನ ಬೆಂಚಿನ ಮ್ಯಾಲ ಅಂವ ಮಲಗಿರ್ತಾನಲ್ಲ, ಆ ಸೀನ್ ನೆನಪ ಮಾಡಿಕೋರಿ. ಸಮುದ್ರದಾಗ ತೇಲೂದನ್ನ ಮೀನುಗಾರರು ಎತ್ತಿ ಉಳಸ್ಯಾರ, ಬೆನ್ನಾಗಿನ ಗುಂಡು ತಗದಾರ, ತೊಗಲಿನೊಳಗ ಬ್ಯಾಂಕಿನ ಖಾತೆ ನಂಬರ್ ಸಿಕ್ಕೈತಿ. ತನ್ನ ಹೆಸರೂ ಅಂವಗ ಗೊತ್ತಿಲ್ಲ. ಇಬ್ಬರು ಪೊಲೀಸರು ಬಂದು ಎಬ್ಬಸ್ತಾರ, ಬಡಿಗಿಲೆ ತಿವೀತಾರ. ಕಣ್ಣು ಮುಚ್ಚಿ ತಗಿಯೂದ್ರಾಗ ಇಬ್ಬರೂ ನೆಲಕ್ಕ. ಆಮ್ಯಾಲ ಅಂವ ತನ್ನ ಕೈಯಾಗಿನ ಪಿಸ್ತೂಲು ನೋಡ್ಕೋತ ನಿಂದರ್ತಾನ. ಆ ಹೊತ್ತಿನ ಮಾರಿ ಐತಲ್ರಿ, ಅದು ಗೆದ್ದಾಂವನ ಮಾರಿ ಅಲ್ಲ. ಹೆದರಿದಾಂವನ ಮಾರಿ. ‘ಇದು ನನ್ನ ಕೈಯಾಗ ಹೆಂಗ ಬಂತು?’ ಅಂತ ತನ್ನ ಕೈಗೇ ಹೆದರ್ಯಾನ ಅಂವ.

ಇದು ಸುಳ್ಳಲ್ಲ. ಪಟ್ಟು ಇರೂದು ತಲಿಯಾಗ ಅಲ್ಲ. ನೆನಪ ಮಾಡಿಕೊಂಡು ಢಾಕ್ ಅನ್ನೂ ಪಟ್ಟು ಹಾಕಾಕ ಹ್ವಾದ್ರ ಎದುರಿನಾಂವ ಅಷ್ಟೊತ್ತಿಗೆ ನಿಮ್ಮ ಕಾಲಿಗೆ ಕೈ ಹಾಕಿರ್ತಾನ. ವರ್ಷಗಟ್ಟಲೆ ಮಣ್ಣಾಗ ಬಿದ್ದು ಎದ್ದ ಮ್ಯಾಲ ಭುಜ ತಾನ ತಿರಗತೈತಿ, ನಿಮಗ ಗೊತ್ತಾಗೂದು ಅಂವ ಕೆಳಗ ಬಿದ್ದ ಮ್ಯಾಲ. ಪಿಚ್ಚರಿನಾಗ ಡೇಮನ್‌ಗೆ ಫಿಲಿಪ್ಪೀನ್ಸಿನ ‘ಕಾಲಿ’ ಅನ್ನೂ ವಿದ್ಯೆದಾಗಿನ ಹೊಡತ ಕಲಿಸ್ಯಾರ, ಹೊಡದಾಟ ಹೊಂದಿಸಿದಾಂವ ನಿಕ್ ಪೊವೆಲ್. ಪ್ಯಾರಿಸಿನ ಮನಿಯಾಗ ಕಿಟಕಿ ಒಡದು ಬರ್ತಾನಲ್ಲ ಕೊಲೆಗಾರ, ಅಂವನ ಚಾಕೂಕ ಇಂವ ಟೇಬಲ್ ಮ್ಯಾಲಿನ ಪೆನ್ ಹಿಡೀತಾನ. ಮಣಿಕಟ್ಟು ಎಲ್ಲೆ ಹಿಡದಾ, ಮೊಣಕೈ ಎಲ್ಲೆ ಬಂತು, ನೋಡಿದ್ರ ತಿಳೀತೈತಿ.

ಆದ್ರ ನಾ ಮೊದಲನೇದನ್ನ ದೊಡ್ಡದು ಅನ್ನೂದು ಹೊಡದಾಟಕ್ಕಲ್ಲ. ಕೊನೀಗೆ ಅಂವಗ ನೆನಪಾಗ್ತೈತಿ ನೋಡ್ರಿ, ಹಡಗಿನ್ಯಾಗ ವೊಂಬೋಸಿ ಅನ್ನಾಂವನ್ನ ಕೊಲ್ಲಾಕ ಹೋಗಿರ್ತಾನ, ಪಿಸ್ತೂಲು ತಲಿಗೆ ಹಚ್ಚಿರ್ತಾನ, ಬಾಜೂಕ ಕೂಸುಗಳು ಕಾಣ್ತಾವ. ಕೈ ನಿಂತ್ಬಿಡ್ತೈತಿ. ಎಲ್ಲಾ ಕಲಿಸಿದ ಕೈ, ತಾನಾಗೇ ನಡಿಯೂ ಕೈ, ಅಲ್ಲೆ ನಿಂತಿತು. ಅದರ ಸಲುವಾಗೇ ಬೆನ್ನಾಗ ಗುಂಡು ಬಿತ್ತು, ನೆನಪು ಹೋತು. ಇಡೀ ಕತಿ ಹುಟ್ಟಿದ್ದು ಆ ನಿಂತ ಕೈಯಿಂದ. ನಮ್ಮ ವಸ್ತಾದರು ಪಟ್ಟು ಹಾಕೂದು ಕಲಿಸಿದ ದಿನಾನ ಬಿಡೂದೂ ಕಲಸ್ತಿದ್ರು. ಎದುರಿನಾಂವನ ಕುತ್ತಿಗಿ ತಪ್ಪು ತಿರುಗಿತು ಅಂದ್ರ ಆ ಕ್ಷಣ ಕೈ ಸಡಲಾಗಬೇಕು, ಕುಸ್ತಿ ಹೋದ್ರೂ ಹೋಗ್ಲಿ. ಹಾಕೂದು ಒಂದು ವರ್ಷಕ್ಕ ಬರ್ತೈತಿ, ಬಿಡೂದು ಬರಾಕ ಭಾಳ ದಿನ ಬೇಕು.

ಮೂರನೇ ಭಾಗದಾಗ ಏನಾತು? ಎರಡನೇದಕ್ಕ ಬಂದ ನಿರ್ದೇಶಕ ಪಾಲ್ ಗ್ರೀನ್‌ಗ್ರಾಸ್ ಇದನ್ನೂ ಮಾಡಿದ, ಕ್ಯಾಮೆರಾ ಕೈಯಾಗ ಹಿಡಕೊಂಡು ಓಡ್ಯಾರ, ಶಾಟ್ ಎರಡು ಸೆಕೆಂಡಿನ ಆಸುಪಾಸಿಗೆ ಕತ್ತರಿಸ್ಯಾರ. ಟಾಂಜಿಯರ್ ಊರಿನ ಹೊಡದಾಟ ಎಲ್ಲಾರೂ ಹೊಗಳ್ತಾರ. ಆ ಬಚ್ಚಲದಾಗ ಯಾರ ಕೈ ಯಾರ ಕುತ್ತಿಗಿಗೆ ಐತಿ ಅಂತ ನನಗ ಕಾಣೂದಿಲ್ಲ. ಅಷ್ಟು ದಿನ ಕಷ್ಟಪಟ್ಟು ಕಲತ ನಟನ ಮೈಯನ್ನ ಮುಚ್ಚಿ ಇಡೂದು ಯಾಕ್ರಿ?

ಇನ್ನೆರಡು ಕೇಳೂದೈತಿ. ಹೆಸರು ಮರತು ಕೈಕೆಲಸ ಉಳಿಯೂದು ವೈದ್ಯಕೀಯದಾಗ ಖರೇನ ಆಗ್ತೈತೇನು? ಮತ್ತ ತಾಲೀಮಿನ ಹುಡುಗರಿಗೆ, ಹದಿನಾಲ್ಕು ಹದಿನೈದರ ವಯಸ್ಸಿನವರಿಗೆ, ಇದನ್ನ ತೋರಿಸಬಹುದೋ ಬ್ಯಾಡೋ?

ಹಳೇ ಪಲ್ಟನ್, ಬೆಳಗಾವಿ

ಪೈಲ್ವಾನರ, ಅರ್ಧ ಒಪ್ತೀನಿ. ಮರಾಠಾ ಲೈಟ್ ಇನ್‌ಫಂಟ್ರಿ ಸೆಂಟರ್ ಇರೂ ಊರಾಗ ಈ ಪಿಚ್ಚರ್ ಮಾತು ಬಂದ್ರ ಫೌಜಿನವರು ಸುಮ್ಮನ ಕುಂದ್ರೂದಿಲ್ಲ.

ನೀವು ಕೈ ನೋಡ್ತೀರಿ, ನಾ ಕಣ್ಣು ನೋಡ್ತೀನಿ. ಅಮೆರಿಕದ ದೂತಾವಾಸದಾಗ ಸಿಕ್ಕೊಂಡಾಗ ಅಂವ ಮೊದಲ ಮಾಡೂದೇನು? ಬಿದ್ದ ಗಾರ್ಡಿನ ರೇಡಿಯೋ ತಗೋತಾನ, ಗ್ವಾಡಿ ಮ್ಯಾಲಿನ ನಕಾಶೆ ಕಿತ್ತಿಕೊಳ್ತಾನ. ಬೆನ್ನ ಹತ್ತಿದವರು ಏನು ಮಾತಾಡ್ತಾರ ಅನ್ನೂದು ಕಿವಿಯಾಗ, ಹೊರಗ ಹೋಗೂ ದಾರಿ ಕೈಯಾಗ. ಆಮ್ಯಾಲ ಹೊಟೇಲಿನಾಗ, ಜೋಡಿ ಹೊಂಟ ಮರೀ ಅನ್ನೂ ಹುಡುಗಿ ಮುಂದ ಹೇಳ್ತಾನ, ಹೊರಗ ನಿಂತ ಕಾರುಗಳ ನಂಬರ್ ಅಷ್ಟೂ ಗೊತ್ತು, ಬಡಸೂಕಿ ಎಡಗೈಯಾಕಿ ಅಂತನೂ ಗೊತ್ತು, ಆದ್ರ ನಾ ಯಾರು ಗೊತ್ತಿಲ್ಲ ಅಂತ. ಟ್ರೇನಿಂಗ್ ಆದಾಂವ ಎಲ್ಲೆ ಕುಂತ್ರೂ ಬಾಗಲಾ ಕಾಣೂ ಹಂಗ ಕುಂದರ್ತಾನ. ನಾ ರಿಟೈರ್ ಆಗಿ ಬಂದ ಮ್ಯಾಲೂ ಹಂಗ ಕುಂದರ್ತೀನಿ, ಮನಿಯವರಿಗೆ ಇದು ರೂಢಿ ಆಗೇತಿ.

ಮೂರನೇದ್ರ ಬಗ್ಗೆ ನಿಮ್ಮ ತಕರಾರು ಟಾಂಜಿಯರ್ ಹೊಡದಾಟಕ್ಕ ಸರಿ ಇರಬಹುದು. ಲಂಡನ್ನಿನ ವಾಟರ್‌ಲೂ ಸ್ಟೇಷನ್ ಸೀನಿಗೆ ಅದು ಹೊಂದೂದಿಲ್ಲ. ಸಾವಿರಾರು ಮಂದಿ ನಡುವ ಒಬ್ಬ ಪತ್ರಕರ್ತನನ್ನ ಫೋನಿನ್ಯಾಗ ಮಾತಾಡ್ಕೋತ ದಾಟಸ್ತಾನ, ಮ್ಯಾಲೆಲ್ಲಾ ಸಿಸಿಟಿವಿ, ಎಲ್ಲೋ ಒಬ್ಬ ಬಂದೂಕಿನಾಂವ. ಅಂಥಲ್ಲೆ ಯಾರಿಗೂ ಪೂರಾ ಚಿತ್ರ ಕಾಣೂದಿಲ್ಲ, ತುಕಡಿ ತುಕಡಿ ಕಾಣ್ತೈತಿ. ಕ್ಯಾಮೆರಾ ಆ ಗಾಬರಿನ ತೋರಸ್ತೈತಿ. ಎಡಿಟರ್ ಕ್ರಿಸ್ಟೋಫರ್ ರೌಸ್‌ಗೆ ಆಸ್ಕರ್ ಕೊಟ್ಟದ್ದು ಬರೋಬ್ಬರಿ ಐತಿ.

ಮತ್ತ ಮೂರನೇದ್ರ ಕೊನೀ ಮಾತು ಬಿಟ್ಟೀರಿ ನೀವು. ಅಂವನ ಖರೇ ಹೆಸರು ಡೇವಿಡ್ ವೆಬ್. ಯಾರೂ ಅಂವನ್ನ ಎತ್ತಿಕೊಂಡು ಹೋಗಿಲ್ಲ, ತಾನ ಒಪ್ಪಿ ಹೋಗ್ಯಾನ. ಅಷ್ಟು ದಿನ ನನ್ನ ಹಿಂಗ ಮಾಡಿದವರು ಯಾರು ಅಂತ ಹುಡಕಿದಾಂವಗ ಸಿಕ್ಕ ಉತ್ತರ ಇದು. ನಾನೂ ಸಹಿ ಮಾಡಿ ಸೇರಿದಾಂವ. ನಮ್ಮ ಸೇವೆ ಬ್ಯಾರೆ, ಅಂವನ ಕೆಲಸ ಬ್ಯಾರೆ, ಅದು ನನಗೂ ಗೊತ್ತೈತಿ. ಆದ್ರೂ ಆ ಸೀನ್ ನೋಡಿದಾಗ ಎದಿ ಭಾರ ಆತು. ನನಗ ಮೂರನೇದ ದೊಡ್ಡದು.

ವಿಜಯಪುರದ ಫಿಸಿಯೋ

ನಿಮ್ಮ ಎರಡನೇ ಪ್ರಶ್ನೆಗೆ ಉತ್ತರಿಸುತ್ತೇನೆ. ಪಾರ್ಶ್ವವಾಯು ಆದವರ ಜೊತೆ, ಮರೆವಿನ ಕಾಯಿಲೆಯ ಹಿರಿಯರ ಜೊತೆ ದಿನಾ ಕೆಲಸ ಮಾಡುವವಳು ನಾನು.

ಕೈಕೆಲಸದ ನೆನಪು ಮತ್ತು ನಡೆದುಹೋದ ಸಂಗತಿಗಳ ನೆನಪು ಮಿದುಳಿನಲ್ಲಿ ಬೇರೆ ಬೇರೆ ಕಡೆ ಇರುತ್ತವೆ, ಇದು ಖಚಿತ. 1953ರಲ್ಲಿ ಅಮೆರಿಕದಲ್ಲಿ ಹೆನ್ರಿ ಮೊಲೇಸನ್ ಎಂಬ ಯುವಕನಿಗೆ ಮೂರ್ಛೆರೋಗ ನಿಲ್ಲಿಸಲೆಂದು ಮಿದುಳಿನ ಎರಡೂ ಬದಿಯ ಹಿಪ್ಪೊಕ್ಯಾಂಪಸ್ ಭಾಗವನ್ನು ಬಹುಪಾಲು ತೆಗೆದರು. ಅಲ್ಲಿಂದ ಮುಂದೆ ಅವನಿಗೆ ಹೊಸದೇನೂ ನೆನಪಿನಲ್ಲಿ ನಿಲ್ಲಲಿಲ್ಲ. ಬ್ರೆಂಡಾ ಮಿಲ್ನರ್ ಎಂಬ ವಿಜ್ಞಾನಿ ಅವನಿಗೆ ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಚಿತ್ರ ಬರೆಯಲು ಹೇಳಿದರು. ದಿನದಿಂದ ದಿನಕ್ಕೆ ಕೈ ಚುರುಕಾಯಿತು, ಆದರೆ ಪ್ರತಿ ಸಲವೂ ಅವನಿಗೆ ಅದು ಮೊದಲನೇ ಸಲವೇ. ತಲೆಗೆ ಗೊತ್ತಿಲ್ಲದೆ ಕೈ ಕಲಿತಿತ್ತು.

ನಮ್ಮಲ್ಲಿ ಬರುತ್ತಿದ್ದ ಹಿರಿಯರೊಬ್ಬರು ನಿವೃತ್ತ ಬಸ್ ಕಂಡಕ್ಟರ್. ಮಗನ ಹೆಸರು ಹೇಳಲಾರರು. ಕೈಗೆ ನಾಲ್ಕು ನೋಟು ಕೊಟ್ಟರೆ ಉದ್ದಕ್ಕೆ ಮಡಚಿ ಬೆರಳ ಸಂದಿಯಲ್ಲಿ ಸಿಕ್ಕಿಸಿಕೊಳ್ಳುತ್ತಿದ್ದರು, ಹತ್ತರದು ಒಂದು ಸಂದಿ, ಇಪ್ಪತ್ತರದು ಇನ್ನೊಂದು. ಅದನ್ನು ನೋಡಿ ಮಗ ಹೊರಗೆ ಹೋಗಿ ನಿಂತುಬಿಟ್ಟರು.

ಸಿನಿಮಾದಲ್ಲಿ ನಂಬಲು ಕಷ್ಟವಾದದ್ದು ಬೇರೆ. ತಲೆಗೆ ಪೆಟ್ಟು ಬಿದ್ದವರಿಗೆ ಸಾಮಾನ್ಯವಾಗಿ ಪೆಟ್ಟಿನ ಆಸುಪಾಸಿನ ನೆನಪು ಹೋಗುತ್ತದೆ, ಹೊಸದನ್ನು ನೆನಪಿಡುವುದೂ ಕಷ್ಟವಾಗುತ್ತದೆ. ಬಾರ್ನ್‌ಗೆ ಹೊಸದೆಲ್ಲ ಚೊಕ್ಕಟವಾಗಿ ನೆನಪಿರುತ್ತದೆ, ಹಳೆಯ ಗುರುತು ಮಾತ್ರ ಇಲ್ಲ. ಇದು ಪೆಟ್ಟಿನ ಮರೆವಿಗಿಂತ ಮನಸ್ಸಿನ ಆಘಾತದ ಮರೆವಿಗೆ ಹತ್ತಿರ. 1887ರಲ್ಲಿ ರೋಡ್ ಐಲೆಂಡಿನ ಆನ್ಸೆಲ್ ಬಾರ್ನ್ ಎಂಬ ಧರ್ಮಬೋಧಕ ಬ್ಯಾಂಕಿನಿಂದ ಹಣ ತೆಗೆದುಕೊಂಡವನು ಕಾಣೆಯಾದ. ಪೆನ್ಸಿಲ್ವೇನಿಯಾದ ನಾರಿಸ್‌ಟೌನಿನಲ್ಲಿ ಬ್ರೌನ್ ಎಂಬ ಹೆಸರಿನಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡಿದ್ದ. ಸುಮಾರು ಎರಡು ತಿಂಗಳ ಮೇಲೆ ಒಂದು ಬೆಳಗ್ಗೆ ಎದ್ದು, ನಾನೆಲ್ಲಿದ್ದೇನೆ ಎಂದು ಕೇಳಿದನಂತೆ. ವಿಲಿಯಂ ಜೇಮ್ಸ್ ಎಂಬ ಪ್ರಸಿದ್ಧ ಮನಶ್ಶಾಸ್ತ್ರಜ್ಞ 1890ರಲ್ಲಿ ಅವನನ್ನು ಸಂಮೋಹನಕ್ಕೆ ಒಳಪಡಿಸಿ ಪರೀಕ್ಷಿಸಿ, ತನ್ನ ಗ್ರಂಥದಲ್ಲೂ ಬರೆದಿದ್ದಾರೆ. ನಾಯಕನ ಹೆಸರೂ ಬಾರ್ನ್ ಆಗಿರುವುದನ್ನು ನೀವೇ ನೋಡಿಕೊಳ್ಳಿ.

ಹಾಗಾಗಿ ಪೈಲ್ವಾನರು ಹೇಳಿದ ಹಡಗಿನ ದೃಶ್ಯ ನನಗೂ ಮುಖ್ಯ. ಗುಂಡಿಗಿಂತ ಆ ಮಕ್ಕಳ ಮುಖವೇ ಅವನ ನೆನಪನ್ನು ಅಳಿಸಿತು ಎಂದು ಓದಿಕೊಂಡರೆ ಕಥೆ ವೈದ್ಯಕೀಯವಾಗಿಯೂ ನಂಬುವಂತಾಗುತ್ತದೆ.

ನವನಗರದ ಓದುಗ, ಬಾಗಲಕೋಟೆ

ಪುಸ್ತಕ ಓದಿದವರು ಯಾರೂ ಇಲ್ಲೇನ್ರಿ ಇಲ್ಲೆ? ರಾಬರ್ಟ್ ಲಡ್ಲಮ್ ಬರದದ್ದು 1980ರಾಗ. ಅದ್ರಾಗ ಬಾರ್ನ್‌ಗೆ ಎದುರಾಳಿ ಕಾರ್ಲೋಸ್, ಖರೇ ಖರೇ ಇದ್ದ ಭಯೋತ್ಪಾದಕ. ಅಂವನ್ನ 1994ರಾಗ ಸುಡಾನಿನ್ಯಾಗ ಹಿಡದ್ರು. ಜೈಲಿನಾಗ ಇದ್ದಾಂವನ್ನ ಖಳನಾಯಕ ಮಾಡಿ 2002ಕ್ಕ ಪಿಚ್ಚರ್ ತಗದ್ರ ಯಾರು ಹೆದರಬೇಕು? ಅದಕ್ಕ ಕಾರ್ಲೋಸನ್ನ ತಗದು, ಬಾರ್ನ್‌ನ ಸ್ವಂತ ಇಲಾಖೆನ ಅಂವನ ವೈರಿ ಮಾಡ್ಯಾರ. ಇದರಿಂದ ಕತಿ ಗಟ್ಟಿ ಆತು ಅಂತ ನನ್ನ ಅಭಿಪ್ರಾಯ. ಪುಸ್ತಕದಾಗ ವೈರಿ ಹೊರಗ ಅದಾನ, ಪಿಚ್ಚರಿನಾಗ ಸಂಬಳ ಕೊಟ್ಟವರೇ ವೈರಿಗಳು.

ಕಳಕೊಂಡದ್ದು ಮರೀ ಪಾತ್ರ. ಪುಸ್ತಕದಾಗ ಆಕಿ ಕೆನಡಾದ ಅರ್ಥಶಾಸ್ತ್ರಜ್ಞೆ, ಬ್ಯಾಂಕಿನ ರೊಕ್ಕದ ಜಾಡು ಹಿಡಿಯೂದು ಆಕಿ ಬುದ್ಧಿಲೆ. ಪಿಚ್ಚರಿನಾಗ ಫ್ರಾಂಕಾ ಪೊಟೆಂಟೆ ಭಾಳ ಛಲೋ ಮಾಡ್ಯಾಳ, ಆದ್ರ ಮಾಡಾಕ ಕೆಲಸ ಕಡಿಮಿ ಕೊಟ್ಟಾರ. 1988ರಾಗ ರಿಚರ್ಡ್ ಚೇಂಬರ್ಲೇನ್ ಮಾಡಿದ ಟಿವಿ ರೂಪಾನೂ ಐತಿ, ತಾಳ್ಮಿ ಇದ್ದವರು ನೋಡ್ರಿ.

ಘಟಪ್ರಭಾ ಹುಡುಗಿ

ಎಲ್ಲಾರೂ ಒಂದು ಮೂರು ಅಂತ ಜಗಳಾಡಾಕತ್ತೀರಿ. ನನಗ ಎರಡನೇದು, 2004ರ ‘ಸುಪ್ರಿಮಸಿ’.

ಶುರು ಆಗೂದ ಗೋವಾದಾಗ. ಚೋರ್ಲಾ ಘಾಟ ಇಳದು ನಾವು ಹೋಗೂ ಗೋವಾ, ಅದ ಬಿಸಲು, ಅದ ತೆಂಗಿನ ಗಿಡ. ಅಲ್ಲೆ ಬಾರ್ನ್ ಮತ್ತ ಮರೀ ಯಾರಿಗೂ ಗೊತ್ತಾಗಧಂಗ ಇರ್ತಾರ. ಅಲ್ಲೇ ಆಕಿ ಸಾಯ್ತಾಳ, ನೀರಿನೊಳಗ. ಅವ್ವ ನನ್ನ ಜೋಡಿ ಕುಂತು ನೋಡಾಕತ್ತಿದ್ಲು, ಮರೀ ಸತ್ತ ಮ್ಯಾಲ ಎದ್ದು ಒಳಗ ಹ್ವಾದಾಕಿ ಮತ್ತ ಬರಲಿಲ್ಲ. ಅಷ್ಟು ಹಚ್ಚಿಕೊಂಡಿದ್ಲು ಆಕೀನ್ನ.

ಆದ್ರ ಕೊನೀ ಕಡೆ ಬರೂ ಒಂದು ಸೀನಿಗೆ ಅವ್ವ ಇರಬೇಕಾಗಿತ್ತು. ಮಾಸ್ಕೋದಾಗ ಕಾರಿನ ಓಟ ಎಲ್ಲಾ ಮುಗದೈತಿ, ಮೈತುಂಬ ಗಾಯ. ಅಂವ ಹೋಗೂದು ಒಂದು ಹುಡುಗಿ ಮನಿಗೆ. ನಿಮ್ಮ ಅವ್ವ ಅಪ್ಪನ್ನ ಕೊಂದು ತಾನೂ ಸತ್ಲು ಅಂತ ಜನ ಹೇಳಿದ್ದು ಸುಳ್ಳು, ಇಬ್ಬರನ್ನೂ ಕೊಂದಾಂವ ನಾನು ಅಂತ ಹೇಳಿ ಕ್ಷಮಾ ಕೇಳ್ತಾನ. ಪೈಲ್ವಾನ ಕಾಕಾ, ಕೈ ನಿಂದ್ರಸೂದು ದೊಡ್ಡದು ಖರೇ. ನಿಂದ್ರಸದ ಇದ್ದ ದಿನದ ಲೆಕ್ಕ ಯಾರು ಕೊಡಬೇಕು? ಮೊದಲನೇ ಭಾಗ ಆ ಪ್ರಶ್ನೆ ಕೇಳೂದ ಇಲ್ಲ.

ತಾಲೀಮಿನಾಂವ, ಬೆಳಗಾವಿ

ಎಲ್ಲಾರೂ ಮನಸ್ಸಿಟ್ಟು ಬರದೀರಿ, ಸಂತೋಷ ಆತು. ಕಂಡಕ್ಟರ್ ಅಜ್ಜಾರ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನ ಕುಂತೆ, ಡಾಕ್ಟರ್ ಅಕ್ಕಾರ.

ಫೌಜಿ ಅಣ್ಣಾರ, ಅಂವ ತಾನ ಒಪ್ಪಿ ಹ್ವಾದಾ ಅನ್ನೂದು ಭಾರವಾದ ಮಾತು, ನಿಮ್ಮಂಥವರು ಹೇಳಿದಾಗ ಇನ್ನೂ ಭಾರ. ಆದ್ರ ಮೂರನೇದ್ರಾಗ ಅಂವ ಎಲ್ಲಾ ತಿಳಕೊಂಡ ಮ್ಯಾಲ ಆ ಕೆಲಸ ಬಿಡ್ತಾನ. ಮೊದಲನೇದ್ರಾಗ ತಾನು ಯಾರು ಅಂತ ಪೂರಾ ತಿಳಿಯೂಕಿಂತ ಮೊದಲ ಬಿಡ್ತಾನ. ಬ್ಯಾಂಕಿನ ಪೆಟ್ಟಿಗಿಯಾಗ ಪಾಸ್‌ಪೋರ್ಟು, ರೊಕ್ಕ, ಪಿಸ್ತೂಲು ಮೂರೂ ಇರ್ತಾವ. ಪಾಸ್‌ಪೋರ್ಟು, ರೊಕ್ಕ ಚೀಲಕ್ಕ ಹಾಕ್ಕೊಂಡು ಪಿಸ್ತೂಲು ಅಲ್ಲೇ ಬಿಟ್ಟು ಬರ್ತಾನ. ಆಗ ಅಂವಗ ಯಾವ ಕಾರಣಾನೂ ಗೊತ್ತಿಲ್ಲ. ಕಾರಣ ಗೊತ್ತಿಲ್ಲದ ಮಾಡಿದ್ದು ಅಂವನ ಸ್ವಭಾವ, ಅದನ್ನ ಯಾವ ಟ್ರೇನಿಂಗೂ ಕೊಟ್ಟಿಲ್ಲ. ನಾ ಮೊದಲನೇದಕ್ಕ ಅಂಟಿಕೊಂಡದ್ದು ಇದಕ್ಕ.

ಘಟಪ್ರಭಾದ ತಂಗಿ, ನೀ ಕೇಳಿದ್ದಕ್ಕ ನನ್ನ ಹತ್ರ ಉತ್ತರ ಇಲ್ಲ. ಎರಡನೇದನ್ನ ಮತ್ತೊಮ್ಮೆ ನೋಡ್ತೀನಿ, ನಿನ್ನ ಮಾತು ತಲಿಯಾಗ ಇಟ್ಕೊಂಡು.

ಹುಡುಗರಿಗೆ ತೋರಸೂದ್ರ ಬಗ್ಗೆ ಯಾರೂ ಹೇಳಲಿಲ್ಲ.

ಹಳೇ ಪಲ್ಟನ್, ಬೆಳಗಾವಿ

ತೋರಸ್ರಿ. ಅಮೆರಿಕದಾಗ ಅದಕ್ಕ ಪಿಜಿ-13 ಅಂತ ಕೊಟ್ಟಾರ, ಹದಿಮೂರರ ಒಳಗಿನವರಿಗೆ ಕೆಲವು ಸೀನ್ ತಕ್ಕದ್ದಲ್ಲ, ತಾಯಿ ತಂದಿ ಎಚ್ಚರ ಇರಬೇಕು ಅನ್ನೂ ಲೆಕ್ಕ. ಆದ್ರ ಹುಡುಗರನ್ನಷ್ಟ ಬಿಟ್ಟು ನೀವು ಹೊರಗ ಹೋಗಬ್ಯಾಡ್ರಿ. ಹೊಲದ ಮನಿ ಸೀನಿನಾಗ ಇನ್ನೊಬ್ಬ ಏಜೆಂಟ್, ಕ್ಲೈವ್ ಓವನ್ ಮಾಡಿದಾಂವ, ಗುಂಡು ತಿಂದು ಬಿದ್ದು ಬಾರ್ನ್ ಜೋಡಿ ಮಾತಾಡ್ತಾನ, ನಮ್ಮ ಕಡೆಯಿಂದ ಏನೆಲ್ಲಾ ಕಿತ್ತಿಕೊಂಡ್ರು ನೋಡು ಅನ್ನೂ ಅರ್ಥದಾಗ. ಹುಡುಗರು ಆ ಹೊತ್ತಿಗೆ ಬಂದೂಕಿನ ಹುರುಪಿನ್ಯಾಗ ಇರ್ತಾರ, ಮಾತು ಕಿವಿಗೆ ಬೀಳೂದಿಲ್ಲ. ಅಲ್ಲೆ ನಿಲ್ಲಿಸಿ ಕನ್ನಡದಾಗ ಹೇಳ್ರಿ. ಬೇಕಂದ್ರ ನಾನೂ ಬರ್ತೀನಿ, ರವಿವಾರ ಸಂಜೀಕ ಖಾಲಿ ಇರ್ತೀನಿ.